ಬೇರೆ ಮೇಜು

ಲೇಯಾಳ ನಡಿಗೆಯನ್ನು ದಾಖಲೆಗೆಂದು ಹಿಡಿದಿಡಲು ನೀರಜಾ ಕ್ಯಾಮೆರಾ ಎತ್ತಿದ್ದೇ ತಡ, ಲೇಯಾಳ ಮಗ ಏಬ್ನರ್ ಅಡ್ಡ ಬಂದು ನಿಂತ. ಎಂಥ ಒರಟ ಅಂದುಕೊಂಡಳು. ಆಮೇಲೆ ಅವನೇ ಮೆಲ್ಲಗೆ ತಿಳಿಸಿದ: ತಾವು ಆಮಿಷ್ ಎಂಬ ಕ್ರೈಸ್ತ ಪಂಗಡದವರು, ಫೋಟೊ ತೆಗೆಸಿಕೊಳ್ಳುವುದಿಲ್ಲ, ಮನೆಯಲ್ಲಿ ಕರೆಂಟಿಲ್ಲ, ಅಂಗಳದಲ್ಲಿ ಕಾರಿಲ್ಲ, ಎಲ್ಲಿಗೆ ಹೋದರೂ ಕುದುರೆಗಾಡಿಯೇ. ನೀರಜಾ ಕೆನ್ನೆ ಕೆಂಪಾಗಿ ಸಾರಿ ಕೇಳಿದಳು.

ಅದು ೨೦೦೫ರ ಬೇಸಿಗೆ. ಉಡುಪಿಯ ನೀರಜಾ ಮನೆಮನೆಗೆ ಹೋಗುವ ಫಿಸಿಕಲ್ ಥೆರಪಿಸ್ಟ್. ಸೊಂಟದ ಮೂಳೆ ಮುರಿದುಕೊಂಡಿದ್ದ ಲೇಯಾಳಿಗಾಗಿ ವಾರಕ್ಕೆರಡು ಸಲ ತಾನಿದ್ದ ಲ್ಯಾನ್‌ಹ್ಯಾಮ್‌ನಿಂದ ಮೇರಿಲ್ಯಾಂಡಿನ ದಕ್ಷಿಣದ ಆ ಹೊಲಗಳ ಊರಿಗೆ ಡ್ರೈವ್ ಮಾಡುತ್ತಿದ್ದಳು.

ಏಬ್ನರ್ ಬಡಗಿ. ಅಮ್ಮ ಹಿಡಿದು ನಡೆಯಲೆಂದು ಪೋರ್ಚಿನಲ್ಲಿ ಓಕ್ ಮರದ ಕಂಬಿ ಕಟ್ಟಿಕೊಟ್ಟ. ಅದನ್ನು ನುಣುಪು ಮಾಡುವ ನೆಪದಲ್ಲಿ ಥೆರಪಿ ಮುಗಿಯುವವರೆಗೂ ಅಲ್ಲೇ ಇರುತ್ತಿದ್ದ. ನೀರಜಾ ನೋಡಿದರೆ ಅವನ ಕಣ್ಣು ಹ್ಯಾಟಿನಂಚಿನ ಕೆಳಗೆ ಮರೆಯಾಗುತ್ತಿತ್ತು. ಅವಳು ತಿರುಗಿದ ಮರುಕ್ಷಣ ಹೊರಬರುತ್ತಿತ್ತು.

"ನಮ್ಮ ಭಾಷೇಲಿ ಆಮಿಷ ಅಂದ್ರೆ ಏನು ಗೊತ್ತಾ? ಮೀನು ಹಿಡಿಯೋಕೆ ಗಾಳಕ್ಕೆ ಸಿಕ್ಕಿಸ್ತಾರಲ್ಲ, ಅದು," ಎಂದು ಒಮ್ಮೆ ಕೆಣಕಿದಳು.

ಅವನು ಉಜ್ಜುವುದನ್ನು ನಿಲ್ಲಿಸಿದ. "ಹಾಗಾದ್ರೆ ಸಿಕ್ಕಿಬಿದ್ದಿರೋದು ಯಾರು?"

ಅಂದು ಮನೆಗೆ ಮರಳುವಾಗ ನೀರಜಾ ಹೆದ್ದಾರಿಯಲ್ಲಿ ತಾನು ತಿರುಗಬೇಕಿದ್ದ ಎಕ್ಸಿಟ್ ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದ್ದಳು.

ಸೆಪ್ಟೆಂಬರಿನ ಕೊನೆಯ ಭೇಟಿಯಂದು ಕಾರಿನವರೆಗೂ ಬಂದ ಏಬ್ನರ್, ಎಲ್ಲ ಬಿಟ್ಟು ಅವಳ ಬಳಿ ಬರುತ್ತೇನೆಂದ. ಹತ್ತೊಂಬತ್ತನೇ ವಯಸ್ಸಿಗೇ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದವನು. ಈಗ ಹೊರಟರೆ ಬಹಿಷ್ಕಾರ. ಅದನ್ನೂ ಮುಚ್ಚಿಡಲಿಲ್ಲ.

"ಮನೆಗೆ ಬರಬಹುದು. ಆದ್ರೆ ಅಮ್ಮನ ಜೊತೆ ಕೂತು ಉಣ್ಣೋ ಹಾಗಿಲ್ಲ. ನನಗೆ ಬೇರೆ ಮೇಜು."

ನೀರಜಾ ತೆರೆದಿದ್ದ ಕಾರಿನ ಬಾಗಿಲನ್ನು ಮತ್ತೆ ಮುಚ್ಚಿದಳು. ಅವಳ ಅಮ್ಮ ಜಾತಿ ಬಿಟ್ಟು ಮದುವೆಯಾದವಳು. ಅಜ್ಜಿಯ ಮನೆಯಲ್ಲಿ ಎಲ್ಲರ ಪಂಕ್ತಿ ಒಳಗೆ, ಅಮ್ಮನ ಎಲೆ ಮಾತ್ರ ಜಗಲಿಯಲ್ಲಿ. ಅದನ್ನೆಲ್ಲ ಹೇಳಿ, ಅಂಥ ಊಟಕ್ಕೆ ನಿನ್ನನ್ನು ನಾನು ಕೂರಿಸಲಾರೆ ಎಂದು ಅತ್ತಳು.

"ನಿಮ್ಮಮ್ಮ ಹೋಗೋದು ಬಿಟ್ರಾ?"

"ಇಲ್ಲ. ಪ್ರತಿ ವರ್ಷ ಹೋಗ್ತಿದ್ಲು. ಹೊರಗೆ ಕೂರಿಸಿದ್ರೂ ಬಡಿಸೋಳು ನನ್ನಮ್ಮನೇ ಅಲ್ವಾ ಅಂತಿದ್ಲು."

ಏಬ್ನರ್ ಅವಳಿಗಾಗಿ ಕಾರಿನ ಬಾಗಿಲು ತೆರೆದುಹಿಡಿದ.

ಡಿಸೆಂಬರಿನಲ್ಲಿ ಒಂದೇ ಚೀಲ ಹಿಡಿದು ಅವಳ ಮನೆಗೆ ಬಂದ. ಪೀಠೋಪಕರಣದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ವಸಂತದಲ್ಲಿ ಮದುವೆಯಾಯಿತು. ಅವನ ಸಭೆ ಬಹಿಷ್ಕಾರ ಸಾರಿತು. ಮೇ ತಿಂಗಳಲ್ಲಿ ಲೇಯಾಳ ಕಾಗದ ಬಂತು: ಇಬ್ಬರೂ ಊಟಕ್ಕೆ ಬನ್ನಿ.

ಲೇಯಾಳ ಅಡುಗೆಮನೆಯಲ್ಲಿ ಎರಡು ಮೇಜುಗಳಿದ್ದವು, ದೊಡ್ಡದು ಮನೆಯವರಿಗೆ, ಚಿಕ್ಕದು ಏಬ್ನರ್‌ಗೆ; ನಡುವೆ ಒಂದು ಗೇಣು ಜಾಗ. ಬ್ರೆಡ್ಡಿನ ತಟ್ಟೆಯನ್ನು ಏಬ್ನರ್ ಹಳೆಯ ಅಭ್ಯಾಸದಂತೆ ಅಮ್ಮನತ್ತ ಚಾಚಿದ. ಲೇಯಾಳ ಕೈ ಅರ್ಧ ಬಂದು ಹಿಂದೆ ಸರಿಯಿತು. ಬಹಿಷ್ಕೃತನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅವನು ತಟ್ಟೆಯನ್ನು ದೊಡ್ಡ ಮೇಜಿನ ಮೇಲಿಟ್ಟ. ಅವಳು ಅಲ್ಲಿಂದ ಎತ್ತಿಕೊಂಡಳು.

ಆಮೇಲೆ ಲೇಯಾ ತನ್ನ ಪಕ್ಕದ ಕುರ್ಚಿಯನ್ನು ನೀರಜಾಳಿಗೆ ತೋರಿಸಿದಳು. ಹೊರಗಿನವಳಿಗೆ ಆ ನಿಯಮವಿರಲಿಲ್ಲ. ನೀರಜಾ ಕುರ್ಚಿಯನ್ನು ಎತ್ತಿಕೊಂಡು ಚಿಕ್ಕ ಮೇಜಿನ ಬಳಿಗೆ ಬಂದಳು.

"ನೀನು ಅಲ್ಲೇ ಕೂರಬಹುದು," ಎಂದ ಏಬ್ನರ್, ತಲೆಯೆತ್ತದೆ.

"ಗೊತ್ತು," ಎಂದಳು. "ಸ್ವಲ್ಪ ಜರುಗು."