ಎಳೆ ಬರೋ ಚೀಸ್

“ಕೈ ನಿಲ್ಲಿಸ್ಬೇಡ ಕಣೇ, ತಳ ಹಿಡಿಯುತ್ತೆ!” ಅಮ್ಮ ಹೇಳಿದಳು.

ನಿಶ್ಚಿತಾ ಬಾಣಲೆಯಲ್ಲಿ ಸೌಟು ತಿರುಗಿಸುತ್ತಲೇ ಇದ್ದಳು. ಆಗಷ್ಟೇ ಸ್ಕೂಲಿಂದ ಬಂದಿದ್ದಳು. ಬ್ಯಾಗ್ ಇನ್ನೂ ಬಾಗಿಲ ಹತ್ತಿರವೇ ಬಿದ್ದಿತ್ತು. ಬಾಣಲೆಯಲ್ಲಿ ಇದ್ದದ್ದು ನೆನೆಸಿ ರುಬ್ಬಿದ ಗೋಡಂಬಿ, ಸಬ್ಬಕ್ಕಿ ಪುಡಿ, ನಿಂಬೆರಸ, ಉಪ್ಪು. ಅಮ್ಮ ಮೊಬೈಲಲ್ಲಿ ನೋಡಿ ಕಲಿತ ಚೀಸ್. ಮೊದಲ ಸಲ ಗೋಂದಿನ ಹಾಗೆ ಆಗಿತ್ತು. ಎರಡನೇ ಸಲ ಬರೀ ಗಂಟು. ಇದು ಮೂರನೆಯದು.

ಇಷ್ಟೆಲ್ಲ ತಮ್ಮ ಸಿದ್ದುಗಾಗಿ. ಅವನಿಗೆ ಮೂರೂವರೆ ವರ್ಷ. ಹಾಲು ಅವನ ಮೈಗೆ ಆಗುವುದಿಲ್ಲ. ಒಂದು ತೊಟ್ಟು ಹೋದರೂ ಕೆಂಪು ದದ್ದು ಏಳುತ್ತದೆ. ಮೊಸರು, ಬೆಣ್ಣೆ, ತುಪ್ಪ ಯಾವುದೂ ಕೊಡುವ ಹಾಗಿಲ್ಲ. ಆದರೆ ಪಕ್ಕದ ಮನೆ ಗಾನವಿಯ ಬರ್ತ್‌ಡೇಯಲ್ಲಿ ಮಕ್ಕಳೆಲ್ಲ ಚೀಸ್ ಜಗ್ಗಿ ಜಗ್ಗಿ ತಿನ್ನುವುದನ್ನು ನೋಡಿದ ಮೇಲೆ, “ನಂಗೂ ಎಳೆ ಬರೋದು ಬೇಕು” ಅಂತ ಒಂದೇ ಹಟ.

ಬಾಳೆಹೊನ್ನೂರಿನ ಅಂಗಡಿಗಳಲ್ಲಿ ಹುಡುಕಿದ್ದೂ ಆಗಿತ್ತು. “ಇದ್ರಲ್ಲಿ ಹಾಲಿಲ್ಲಮ್ಮ, ಬರೀ ಎಣ್ಣೆ” ಅಂತ ಅಂಗಡಿಯವನು ಒಂದು ಪ್ಯಾಕೆಟ್ ಕೊಟ್ಟಿದ್ದ. ನಿಶ್ಚಿತಾ ಹಿಂದಿನ ಸಣ್ಣ ಅಕ್ಷರ ಓದಿದಳು. ಕೊನೇ ಸಾಲಿನಲ್ಲಿ ‘ಮಿಲ್ಕ್’ ಅಂತ ಇತ್ತು. ಪ್ಯಾಕೆಟ್ ವಾಪಸ್ ಕೊಟ್ಟು ಬಂದಿದ್ದರು.

ಅಮ್ಮ ಎಸ್ಟೇಟಿನ ನರ್ಸರಿಯಲ್ಲಿ ಬೆಳಗಿನಿಂದ ಕಾಫಿ ಗಿಡದ ಕವರಿಗೆ ಮಣ್ಣು ತುಂಬಿ ಬಂದಿದ್ದಳು. ಈಗ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದಳು.

“ಅಮ್ಮ, ನೋಡು!”

ಸೌಟು ಎತ್ತಿದರೆ ಉದ್ದಕ್ಕೆ ಎಳೆ ಬಂತು.

ಅಮ್ಮ ಅದನ್ನು ಬಿಸಿ ದೋಸೆ ಮೇಲೆ ಸವರಿದಳು. ನಿಶ್ಚಿತಾ ತುಂಡು ಮುರಿದು ತಮ್ಮನ ಬಾಯಿಗಿಟ್ಟಳು.

“ಅಕ್ಕಾ, ಎಳೆ ಬಂತು! ಎಳೆ ಬಂತು!” ಸಿದ್ದು ಕುಣಿದ. ಅಮ್ಮ ನಕ್ಕಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಹತ್ತು ನಿಮಿಷವೂ ಆಗಿರಲಿಲ್ಲ. ಸಿದ್ದು ಗಲ್ಲ ಕೆರೆದುಕೊಳ್ಳತೊಡಗಿದ. ಬಾಯಿ ಸುತ್ತ ಕೆಂಪು ಕೆಂಪು ದದ್ದು.

ಅಮ್ಮ ಓಡಿಹೋಗಿ ಡಾಕ್ಟರ್ ಕೊಟ್ಟಿದ್ದ ಸಿರಪ್ ಕುಡಿಸಿದಳು. ಅವನನ್ನು ತೊಡೆ ಮೇಲೆ ಕೂರಿಸಿಕೊಂಡು, ಉಸಿರಾಟ ಸರಿಯಿದೆಯಾ ಅಂತ ನೋಡುತ್ತ ಕೂತಳು. ಒಂದು ಗಂಟೆಯ ಮೇಲೆ ದದ್ದು ಇಳಿಯಿತು. ಸಿದ್ದು ಅತ್ತು ಅತ್ತು ನಿದ್ದೆ ಹೋದ.

ಅಡುಗೆಮನೆ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿತ್ತು. ಸಿದ್ದುಗೆ ಕೊಡಬಾರದ್ದರ ಪಟ್ಟಿ. ಅಮ್ಮ ಪೆನ್ನು ತಗೊಂಡು ಕೆಳಗೆ ‘ಗೋಡಂಬಿ’ ಅಂತ ಬರೆದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಇನ್ನು ಇದೂ ಇಲ್ಲ. ಸಾಕಾಯ್ತು ಮಾರಾಯ್ತಿ. ಇವನಿಗೆ ಇನ್ನೆಂತ ಮಾಡಿ ಕೊಡೋದು?”

ನಿಶ್ಚಿತಾ ತನ್ನ ಬೆರಳು ನೋಡಿಕೊಂಡಳು. ಸ್ಕೂಲಿಂದ ಬರುವಾಗ ಗಾನವಿ ಬೇಕರಿಯಲ್ಲಿ ಚೀಸ್ ಸ್ಯಾಂಡ್‌ವಿಚ್ ಕೊಡಿಸಿದ್ದಳು. ಬೆರಳಿಗೆ ಮೆತ್ತಿದ್ದನ್ನು ನಿಶ್ಚಿತಾ ಯೂನಿಫಾರ್ಮಿಗೆ ಒರೆಸಿಕೊಂಡಿದ್ದಳು, ಅಷ್ಟೇ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸಿದ್ದುಗೆ ಆ ಗೋಡಂಬಿ ಚೀಸ್ ಮತ್ತೆ ಸಿಗುವುದಿಲ್ಲ.

“ಅಮ್ಮ, ಗೋಡಂಬಿಯಿಂದ ಅಲ್ಲ ಅನ್ಸುತ್ತೆ. ನನ್ನ ಕೈಯಿಂದ.”

“ಎಂತ?”

ನಿಶ್ಚಿತಾ ಎಲ್ಲ ಹೇಳಿದಳು. ಏಟು ಬೀಳುತ್ತೆ ಅಂದುಕೊಂಡಳು. ಅಮ್ಮ ಕೂತಲ್ಲಿಂದ ಏಳಲಿಲ್ಲ.

“ಬಂದವಳು ಕೈ ತೊಳೀಲೇ ಇಲ್ವಾ?”

“ಇಲ್ಲ.”

ಅಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ, “ನಿಂಗೂ ತಿನ್ನೋ ಆಸೆ ಇರುತ್ತೆ. ನಾನು ಒಂದಿನಾನೂ ಕೇಳ್ಲಿಲ್ಲ ನೋಡು” ಅಂದಳು.

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನಿಶ್ಚಿತಾಗೆ.

“ಡಾಕ್ಟರನ್ನ ಕೇಳೋಣ. ಅಲ್ಲೀ ತನಕ ಗೋಡಂಬಿ ಬೇಡ” ಅಂತ ಅಮ್ಮ ದೀಪ ಹಚ್ಚಲು ಎದ್ದಳು.

ಮುಂದಿನ ಶನಿವಾರ ಮೂವರೂ ಕೊಪ್ಪದ ಬಸ್ ಹತ್ತಿದರು. ಡಾಕ್ಟರ್ ಫೋನಲ್ಲಿ ಹೇಳಿದ್ದ ಹಾಗೆ, ಡಬ್ಬಿಯಲ್ಲಿ ಹೊಸದಾಗಿ ಮಾಡಿದ ಚೀಸ್ ಇತ್ತು. ಡಾಕ್ಟರ್ ತಮ್ಮೆದುರೇ ಸಿದ್ದುಗೆ ಚೂರು ಚೂರಾಗಿ ತಿನ್ನಿಸಿದರು.

“ಹೊರಗೆ ಕೂತಿರಿ. ಒಂದು ಗಂಟೆ ಅವನ ಮುಖದಿಂದ ಕಣ್ಣು ತೆಗೀಬೇಡಿ. ಏನಾದ್ರೂ ಕಂಡ್ರೆ ತಕ್ಷಣ ಕರೀರಿ.”

ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ಅಮ್ಮನ ತಲೆ ನಿದ್ದೆಗೆ ವಾಲಿತು. ಸಿದ್ದು ಅವಳ ತೊಡೆ ಮೇಲೆ ಕೂತು ಸೆರಗಿನ ಜೊತೆ ಆಟವಾಡುತ್ತಿದ್ದ. ನಿಶ್ಚಿತಾ ಅವನ ಗಲ್ಲ ನೋಡಿದಳು, ತುಟಿ ನೋಡಿದಳು, ಗಡಿಯಾರ ನೋಡಿದಳು. ಆರು ನಿಮಿಷ ಆಗಿತ್ತು. ಮತ್ತೆ ಗಲ್ಲ. ಮತ್ತೆ ತುಟಿ. ಅವನು ಕಿವಿ ಕೆರೆದುಕೊಂಡರೆ ಬಗ್ಗಿ ಕಿವಿಯ ಹಿಂದೆಯೂ ನೋಡಿದಳು. ಕಣ್ಣು ಉರಿಯತೊಡಗಿತು. ಒಂದು ಗಂಟೆ ಇಷ್ಟು ಉದ್ದ ಅಂತ ಅವಳಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಸಿದ್ದು ಉಣ್ಣುವಾಗೆಲ್ಲ ಅಮ್ಮ ತಟ್ಟೆ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದದ್ದು ಯಾಕೆ ಅಂತ ನಿಶ್ಚಿತಾ ಯಾವತ್ತೂ ಯೋಚಿಸಿರಲಿಲ್ಲ.

ನರ್ಸ್ ಬಂದು ಸಿದ್ದುವಿನ ಗಲ್ಲ ತಿರುಗಿಸಿ ನೋಡಿದರು. “ಏನೂ ಆಗಿಲ್ಲ, ಜಾಣ! ಅಮ್ಮನ್ನ ಎಬ್ಬಿಸು ಪುಟ್ಟಿ.”

“ಇನ್ನೂ ಐದು ನಿಮಿಷ ಇದೆ ಸಿಸ್ಟರ್” ಅಂತ ನಿಶ್ಚಿತಾ ಪಿಸುಗುಟ್ಟಿದಳು. “ನಾನು ನೋಡ್ತಾ ಇದೀನಿ.”