ಟಿಕೆಟ್‌ನ ನಟ್ಟನಡುವೆ

ತಪ್ಪು ಕೋಡ್‌ನದ್ದೋ, ತನ್ನದೋ? ವಾರವಾಯಿತು, ಒಬ್ಬರೂ ಸ್ಕ್ಯಾನ್ ಮಾಡಿಲ್ಲ. ಯಾರಿಗೂ ಬೇಡದ್ದನ್ನು ತಾನೇ ಹಟ ಹಿಡಿದು ಜನರ ಕೈಗೆ ತುರುಕುತ್ತಿದ್ದೇನೆಯೇ? ಬೆಳಗಾವಿಯ ಹಳೆಯ ಥಿಯೇಟರಿನ ಮೆಟ್ಟಿಲ ಮೇಲೆ ಕುಳಿತು ಕಲ್ಮೇಶ ಮತ್ತೆ ಮೊಬೈಲ್ ನೋಡಿದ. ಸೊನ್ನೆ.

ಇಲ್ಲಿ ಓಡುತ್ತಿರುವ ಸಿನಿಮಾದಲ್ಲಿ ಅವನವ್ವ ಭರಮವ್ವ ಹಾಡಿದ ಕುರಿಗಾರರ ಹಾಡು ಅರ್ಧ ನಿಮಿಷ ಬರುತ್ತದೆ. ಮುಖವಿಲ್ಲ, ಹೆಸರಿಲ್ಲ. ಟಿಕೆಟ್ ಮೇಲಿನ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ, ನಂದಗಡದ ಮನೆಯಂಗಳದಲ್ಲಿ ಕುಳಿತು ಅವಳು ಪೂರ್ತಿ ಹಾಡುವ ವಿಡಿಯೊ ತೆರೆದುಕೊಳ್ಳಬೇಕು. ಚಿತ್ರತಂಡವನ್ನು ಒಪ್ಪಿಸಿ ಅದನ್ನು ಮಾಡಿದವನು ಅವನೇ.

"ಏನ್ರಿ ಸಾಹೇಬ್ರ, ಮೊಬೈಲ್‌ಗೆ ದೃಷ್ಟಿ ತಗ್ಯಾಕತ್ತೀರೇನು?"

ಟಿಕೆಟ್ ಕೌಂಟರಿನ ಸಪ್ನಾ, ಅನಗೋಳದವಳು. ನಗು ತುಟಿಗಿಂತ ಮೊದಲು ಅವಳ ಕಣ್ಣಿಗೆ ಬರುತ್ತಿತ್ತು. ಅದನ್ನು ನೋಡಲೆಂದೇ ಕಲ್ಮೇಶ ದಿನಕ್ಕೆ ಮೂರು ಸಲ ಕೌಂಟರಿಗೆ ಹೋಗಿ ಕೇಳಿದ್ದನ್ನೇ ಕೇಳುತ್ತಿದ್ದ. ಇಂದು ಶನಿವಾರ. ಸೋಮವಾರದಿಂದ ಅವಳಿಗೆ ಹುಬ್ಬಳ್ಳಿಯ ಮಲ್ಟಿಪ್ಲೆಕ್ಸ್‌ನಲ್ಲಿ ಕೆಲಸ.

ಅಂಗಳದಲ್ಲಿ ಬಿದ್ದಿದ್ದ ಅರ್ಧ ಟಿಕೆಟನ್ನು ಅವಳು ಅವನ ಮುಂದೆ ಹಿಡಿದಳು. "ಇದನ್ನ ಸ್ಕ್ಯಾನ್ ಮಾಡ್ರಿ ನೋಡೂಣು."

ಅದರಲ್ಲಿದ್ದದ್ದು ಅರ್ಧ ಕೋಡ್. ಇನ್ನರ್ಧ ಗೇಟಿನ ಗುರುಸಿದ್ದನ ಡಬ್ಬಿಯೊಳಗೆ.

"ಕಾಕಾ, ನಮ್ಮವ್ವನ್ನ ಹರದ ಹಾಕೀರಲ್ಲ!"

"ಮೂವತ್ತ ವರ್ಷಾತು, ನಟ್ಟನಡಕ ಹರಿಯೂದ ನನ್ನ ಕೆಲಸ," ಎಂದ ಗುರುಸಿದ್ದ. "ಅಲ್ಲೇ ಅಚ್ಚ ಹಾಕಸಂತ ನಿನಗ ಯಾರ ಹೇಳಿದ್ರೋ?"

ಸಪ್ನಾ ಗೇಟು ಹಿಡಿದುಕೊಂಡು ನಕ್ಕಳು. ವಾರದಲ್ಲಿ ಮೊದಲ ಸಲ ಕಲ್ಮೇಶನೂ ನಕ್ಕ.

ಮರುದಿನ ಖಾನಾಪುರದಲ್ಲಿ ಇದೇ ಸಿನಿಮಾದ ಮ್ಯಾಟಿನಿ; ಟಿಕೆಟ್‌ಗಳು ಇವೇ, ಮಾರಲು ಹೋಗುವವಳೂ ಸಪ್ನಾಳೇ. ಪ್ರೇಕ್ಷಕರ ಕೈಯಲ್ಲಿ ಉಳಿಯುವ ಅಂಚಿಗೆ ಅವಳೂ ಕಲ್ಮೇಶನೂ ಆ ಸಂಜೆಯೇ ಕೂತು ಕೋಡ್‌ನ ಸ್ಟಿಕ್ಕರ್ ಅಂಟಿಸಿದರು.

"ನನ್ನ ಮಾರಿ ನೋಡ್ಕೋಂತ ಹಚ್ಚಿದ್ರ ಸೊಟ್ಟನ ಆಗತಾವ್ರಿ."

ಕಲ್ಮೇಶ ತಲೆ ಎತ್ತಲಿಲ್ಲ. ಐವತ್ತು ಜನ ಸ್ಕ್ಯಾನ್ ಮಾಡಿದರೆ ನಾಳೆ ಇವಳಿಗೆ ಮನಸ್ಸಿನ ಮಾತು ಹೇಳಿಯೇಬಿಡುತ್ತೇನೆ ಎಂದು ನಿರ್ಧರಿಸಿದ.

ಖಾನಾಪುರದಲ್ಲಿ ಸಿನಿಮಾ ಮುಗಿದು ಜನ ಬಿಸಿಲಿಗೆ ಬಂದರು. ಮೊದಲು ಒಂದು ಮೊಬೈಲ್, ಆಮೇಲೆ ಇನ್ನೊಂದು. ಒಂದರಲ್ಲಿ ಹಾಡಿನ ಸಾಲು ಮುಗಿಯುವ ಮೊದಲೇ ಮತ್ತೊಂದರಲ್ಲಿ ಶುರು. ಅಂಗಳದ ತುಂಬ ಅವ್ವನ ದನಿ.

"ಯಾರ್ ಹಾಡಾಕತ್ತಾರವ್ವಾ?" ಒಬ್ಬ ಮುದುಕಿ ಮೊಮ್ಮಗಳನ್ನು ಕೇಳಿದಳು.

"ನಂದಗಡದ ಭರಮವ್ವ ಅಂತ ಐತಿ, ಆಯಿ."

ಕಲ್ಮೇಶ ಎಣಿಕೆ ನೋಡಿದ. ನಲವತ್ತೊಂದು. ಒಂಬತ್ತು ಕಡಿಮೆ. ಇರಲಿ, ಇನ್ನು ನೆಪ ಸಾಕು ಎನಿಸಿತು.

"ಸಪ್ನಾ ಅವ್ರ, ನಿಮ್ಮ ಮ್ಯಾಲ ನಂಗ ಭಾಳ ಮನಸೈತ್ರಿ."

"ಖಾಲಿ ಥಿಯೇಟರ್ ಮುಂದ ನಿಂತು ದಿನಾ ಮೂರ ಸಲ 'ಹೌಸ್‌ಫುಲ್ ಏನ್ರಿ' ಅಂತ ಕೇಳ್ತಿದ್ರಿ. ನಂಗ ತಿಳಿದಿಲ್ಲ ಅಂದ್ಕೊಂಡಿದ್ರೇನು?" ಆಮೇಲೆ ಅವಳ ದನಿ ತಗ್ಗಿತು. "ನಂಗೂ ಐತ್ರಿ. ನಾಳೆ ಆರೂವರಿ ಬಸ್ಸಿಗೆ ಹೊಂಟೀನಿ. ಇನ್ನೇನರ ಹೇಳೂದೈತೇನ್ರಿ?"

ಹುಬ್ಬಳ್ಳಿಯ ಕೆಲಸದ ಪತ್ರವನ್ನು ಅವಳು ಗುರುಸಿದ್ದನಿಗೆ ಖುಷಿಯಿಂದ ಎರಡು ಸಲ ಓದಿ ಹೇಳಿದ್ದನ್ನು ಅವನು ಕಂಡಿದ್ದ.

"ಐತ್ರಿ. ರವಿವಾರಕ್ಕೊಮ್ಮೆ ನಾನ ಹುಬ್ಬಳ್ಳಿಗೆ ಬರ್ತೀನಿ."

"ಟಿಕೆಟ್ ತೊಗೊಂಡ ಒಳಗ ಬರಬೇಕ ಮತ್ತ!"

"ತೊಗೋತೀನ್ರಿ."

ಹೋಗಬೇಡಿ ಎಂದು ಮಾತ್ರ ಅವನು ಹೇಳಲಿಲ್ಲ.