ಒಂಬತ್ತನೇ ಬಾಟ್ಲಿ

2002ನೇ ಇಸವಿ ಮಾರ್ಚ್ 12, ಮಂಗಳವಾರ. ಬೆಳಿಗ್ಗೆ ಎಂಟೂ ಹತ್ತಕ್ಕೆ ಭದ್ರಾವತಿ ಗ್ರಾಮಾಂತರ ಠಾಣೆಗೆ ಒಬ್ಬ ಏದುಸಿರು ಬಿಡುತ್ತಾ ಬಂದ. ಹೆಡ್ ಕಾನ್‌ಸ್ಟೇಬಲ್ ರಾಮಯ್ಯ ಬಾಯಿಗಿಟ್ಟ ಚಹಾದ ಲೋಟ ಕೆಳಗಿಟ್ಟ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವನು ಚಹಾ ಬಿಸಿಯಿದ್ದಾಗಲೇ ಕುಡಿದು ಮುಗಿಸಿದ ದಿನಗಳು ಬೆರಳೆಣಿಕೆಯಷ್ಟು. ಬಂದವನು ಮಡುವಿನಕೊಪ್ಪದ ಹಾಲೇಶ್, ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವನು. ಭದ್ರಾ ಹೊಳೆಯ ಬಂಡೆಗಳ ಸಂದಿಯಲ್ಲಿ ಹೆಣ ಸಿಕ್ಕಿಕೊಂಡಿದೆ, ಶಂಕರಘಟ್ಟದ ಯೂನಿವರ್ಸಿಟಿಯಿಂದ ಮೀನು ಲೆಕ್ಕ ಹಾಕಲು ಬರುತ್ತಿದ್ದ ಯೋಗರಾಜ್ ಮೇಷ್ಟ್ರೇ ಅದು ಎಂದ. ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ.

"ನಮ್ಮ ದೇವರ ಮೀನನ್ನ ಬಾಟ್ಲಿಗೆ ತುಂಬಿದ್ರು ಸಾರ್. ದೇವರು ಸುಮ್ನೆ ಬಿಡ್ತಾನಾ?"

ಇನ್ಸ್‌ಪೆಕ್ಟರ್ ಜನಾರ್ದನ ಒಳಗಿನಿಂದಲೇ ಕೇಳಿಸಿಕೊಂಡರು. ದೇವರ ಮೇಲೆ ಎಫ್‌ಐಆರ್ ಹಾಕಲು ನಮಗೆ ಕಲಂ ಇಲ್ಲ, ಜೀಪು ತೆಗೆಸಿ ಎಂದು ಟೋಪಿ ಹಾಕಿಕೊಂಡರು.

ಒಂಬತ್ತೂ ಇಪ್ಪತ್ತೈದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಹೆಣವನ್ನು ಮಗುಚಿದಾಗ ಪಂಚರಲ್ಲಿ ಒಬ್ಬ ಅಲ್ಲೇ ಕಾರಿಕೊಂಡ. ತಲೆಯ ಹಿಂಭಾಗ ಒಡೆದ ತೆಂಗಿನಕಾಯಿಯಂತಾಗಿತ್ತು. ಎಡದವಡೆ ಮುರಿದು ಬಾಯಿ ಒಂದು ಪಕ್ಕಕ್ಕೆ ಜೋತಿತ್ತು. ಮುಂಗೈ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಬಲಗೈ. ಐದೂ ಬೆರಳನ್ನು ಕಲ್ಲಿನ ಮೇಲಿಟ್ಟು ಒಂದೊಂದಾಗಿ ಜಜ್ಜಿದ್ದರು. ಸತ್ತ ಮೇಲೂ ಆ ಕೈಯ ಮೇಲೆ ಕೊಂದವರ ಸಿಟ್ಟು ಇಳಿದಿರಲಿಲ್ಲ. ಜನಾರ್ದನ ಪಂಚನಾಮೆ ಮುಗಿಯುವವರೆಗೂ ಆ ಕೈಯನ್ನೇ ನೋಡುತ್ತಾ ಕೂತರು.

ಅಲ್ಲಿಂದ ಅರ್ಧ ಮೈಲಿ ಮೇಲೆ ದೇವರ ಮಡು. ಹೊಳೆ ಆಳವಾಗಿ ತಿರುಗುವ ಜಾಗ. ಅಲ್ಲಿ ಬಲೆ, ಗಾಳ ಹಾಕುವಂತಿಲ್ಲ, ಅದು ತಲೆಮಾರುಗಳ ಕಟ್ಟಳೆ. ದಡದ ಹೊಂಗೆಮರದ ಬುಡದಲ್ಲಿ ಯೋಗರಾಜರ ಮೊಪೆಡ್ಡು ನಿಂತಿತ್ತು. ಪಕ್ಕದ ಬಂಡೆಯ ಮೇಲೆ ಒಣಗಿದ ರಕ್ತ, ಎರಡು ಹಲ್ಲು, ತೆಪ್ಪದ ಹುಟ್ಟಿನಿಂದ ಸಿಡಿದ ಮರದ ಚೂರು. ಮೊಪೆಡ್ಡಿನ ಹಿಂದೆ ಕಟ್ಟಿದ ಮರದ ಪೆಟ್ಟಿಗೆಯಲ್ಲಿ ಹನ್ನೆರಡು ಗೂಡು, ಹನ್ನೊಂದು ಬಾಟ್ಲಿ. ಒಂಬತ್ತನೇ ಗೂಡು ಖಾಲಿ. ಪ್ರತಿ ಬಾಟ್ಲಿಯಲ್ಲೂ ಮೀನು, ಮೀನಿನ ಕಿವಿರಿಗೆ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಊರು, ತಾರೀಕು. ಕೂಡ್ಲಿ, ಲಕ್ಕವಳ್ಳಿ, ತುಂಗೆಯ ಕಡೆಯವು ಮೂರು. ರಾಮಯ್ಯ ಹನ್ನೊಂದನ್ನೂ ಓದಿ ಬರೆಸಿದ. ದೇವರ ಮಡುವಿನ ಮೀನು ಒಂದರಲ್ಲೂ ಇರಲಿಲ್ಲ.

"ಹಂಗಾದ್ರೆ ಆ ಹಾಲೇಶಂಗೆ ಬಾಟ್ಲಿ ವಿಷ್ಯ ಗೊತ್ತಾಗಿದ್ದು ಹೆಂಗೆ ಸಾರ್?" ಎಂದ ರಾಮಯ್ಯ.

ಜನಾರ್ದನ ಆ ಪ್ರಶ್ನೆಯನ್ನು ನಾಳೆಗೆ ಇಟ್ಟುಕೊಂಡರು. ಮೊದಲು ಸತ್ತವನು ಯಾರೆಂದು ತಿಳಿಯಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ಶಿವಮೊಗ್ಗದ ಸವಳಂಗ ರಸ್ತೆಯ ಬಾಡಿಗೆ ಮನೆ. ಯೋಗರಾಜರ ಹೆಂಡತಿ ಶೀಲಾ ಹೈಸ್ಕೂಲ್ ಟೀಚರ್. ಗಂಡ ಮೀನಿನ ಹಿಂದೆ ಹೋದರೆ ಒಂದು ರಾತ್ರಿ ಹೊರಗೇ ಉಳಿಯುವುದು ರೂಢಿ, ಅದಕ್ಕೇ ಸೋಮವಾರ ಹುಡುಕಿರಲಿಲ್ಲ. ಸುದ್ದಿ ಕೇಳಿ ಆಕೆ ಗೋಡೆಗೆ ತಲೆ ಚಚ್ಚಿಕೊಂಡರು, ಹಣೆಯಿಂದ ರಕ್ತ ಬಂತು. ಪಕ್ಕದ ಮನೆಯವರು ಹಿಡಿದುಕೊಳ್ಳಬೇಕಾಯಿತು. ಆದರೆ ಊರವರು ಮೀನುಕಳ್ಳ ಅನ್ನುತ್ತಿದ್ದಾರೆ ಎಂದು ರಾಮಯ್ಯ ಬಾಯಿ ತಪ್ಪಿ ಹೇಳಿದ್ದೇ ತಡ, ಅಳು ನಿಂತುಹೋಯಿತು.

"ಆ ಮಡುವಿಗೆ ಬಲೆ ಹಾಕಲ್ಲ ಅಂತ ಭೂತಪ್ಪನವರಿಗೆ ಮಾತು ಕೊಟ್ಟಿದ್ರು. ಮೂರು ವರ್ಷ ದಡದಲ್ಲೇ ಕೂತು ಲೆಕ್ಕ ಮಾಡಿದಾರೆ. ಕೊಂದೋರನ್ನ ಹಿಡೀರಿ, ಬಿಡಿ. ಕಳ್ಳ ಅನ್ನೋದನ್ನ ಮಾತ್ರ ಅಳಿಸಿ ಕೊಡಿ ಸಾರ್. ಅವರು ಬರೀತಿದ್ದ ಪುಸ್ತಕವೆಲ್ಲ ಆ ಮಾತಿನ ಮೇಲೆ ನಿಂತಿದೆ."

ಭೂತಪ್ಪ ಎಂದರೆ ಮಡುವಿಗೆ ದಿನಾ ಮಂಡಕ್ಕಿ ಹಾಕುವ ಮುದುಕ, ತೆಪ್ಪ ನಡೆಸುವವನು. ಯಾವ ಮೀನಿಗೆ ಯಾವ ಹೆಸರು, ಯಾವುದು ಮರಳಲ್ಲಿ ಮೊಟ್ಟೆ ಇಡುತ್ತದೆ, ಯಾವುದು ಬಂಡೆ ಸಂದಿಯಲ್ಲಿ, ಎಲ್ಲವನ್ನೂ ಯೋಗರಾಜರಿಗೆ ಹೇಳಿಕೊಟ್ಟವನು ಅವನೇ. ಬರೆದದ್ದನ್ನು ತೋರಿಸಿದರೆ ಭೂತಪ್ಪ ಹಾಳೆಯ ಮೇಲೆ ಕಣ್ಣಾಡಿಸಿ "ಸರಿಯಿದೆ" ಎನ್ನುತ್ತಿದ್ದನೆಂದು ಶೀಲಾ ಹೇಳಿದರು. ಆಕೆ ಕೊಟ್ಟ ಗಂಡನ ನೋಟ್‌ಬುಕ್ಕನ್ನು ಜನಾರ್ದನ ಜೀಪಿನಲ್ಲೇ ಓದಿದರು. ಭದ್ರೆಯಲ್ಲಿ ಹದಿನಾಲ್ಕು ಕಡೆ ಲೆಕ್ಕ. ಊರಿನ ಕೊಳೆನೀರು ಸೇರಿದ ಮೇಲೆ ಹದಿನೇಳೇ ಜಾತಿ, ಅದರಲ್ಲೂ ಹೆಚ್ಚಿನದು ಎಲ್ಲಿಂದಲೋ ತಂದು ಬಿಟ್ಟ ಜಿಲೇಬಿ ಮೀನು. ದೇವರ ಮಡುವಿನಲ್ಲಿ ಬಾಳೆಮೀನು, ಹಾವುಮೀನು, ಮಹಸೀರ್ ಎಲ್ಲ ಸೇರಿ ನಲವತ್ತೊಂದು. ಕೆಳಗೆ ಒಂದು ಸಾಲು: ಹೊಳೆಯಲ್ಲಿ ಬೇರೆಲ್ಲೂ ಉಳಿಯದವು ಇಲ್ಲಿ ಉಳಿದಿವೆ, ಕಾರಣ ಭೂತಪ್ಪ.

ಸಂಜೆ ಮರಣೋತ್ತರ ವರದಿ ಬಂತು. ಒಂಬತ್ತು ಪೆಟ್ಟು, ಸಾವು ಸೋಮವಾರ ಬೆಳಿಗ್ಗೆ ಆರರಿಂದ ಎಂಟರೊಳಗೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಹಾಲೇಶನನ್ನು ಕರೆಸಿದರು. ಅವನು ಮೊದಲು ನಕ್ಕ, ಆಮೇಲೆ ಆಣೆ ಹಾಕಿದ. ರಾಮಯ್ಯನ ಕೈ ಎರಡು ಸಲ ಅವನ ಕೆನ್ನೆಗೆ ಬಿತ್ತು, ಮೂರನೆಯದಕ್ಕೆ ತುಟಿ ಒಡೆಯಿತು. ಇದು ಕೇಸ್ ಡೈರಿಯಲ್ಲಿ ಇಲ್ಲ, ಇರುವುದೂ ಇಲ್ಲ. ಜನಾರ್ದನ ತಡೆಯಲೂ ಇಲ್ಲ, ಅದು ಅವರ ತಪ್ಪು.

"ಬಾಟ್ಲಿ ನೋಡಿದ್ದು ಯಾವಾಗ?"

"ಸೋಮವಾರ ಬೆಳಿಗ್ಗೆ. ಹೊಂಗೆಮರದ ಹತ್ರ ಕೂತು ತುಂಬ್ತಾ ಇದ್ರು."

"ಯಾರಿಗೆ ಹೇಳಿದೆ?"

ಹಾಲೇಶ್ ಒಡೆದ ತುಟಿ ಒರೆಸಿಕೊಂಡ. "ನಮ್ಮ ಮಾವಂಗೆ. ಭೂತಪ್ಪಂಗೆ. ಹೇಳಿದ್ದಷ್ಟೇ ಸಾರ್."

ಜೀಪು ಮೊದಲು ಶಂಕರಘಟ್ಟಕ್ಕೆ ಹೋಗಿ ಯೋಗರಾಜರ ಜೊತೆ ಸಂಶೋಧನೆ ಮಾಡುತ್ತಿದ್ದ ಯಶೋಧರಾ ಅವರನ್ನು ಹತ್ತಿಸಿಕೊಂಡಿತು. ದಾರಿಯಲ್ಲಿ ಆಕೆ ಒಂದು ವಿಷಯ ಹೇಳಿದರು. ಬಾಟ್ಲಿಯಲ್ಲಿರುವುದು ಫಾರ್ಮಲಿನ್, ಮೀನು ಕೊಳೆಯದಂತೆ ಇಡುವ ಔಷಧಿ. ಅದರಲ್ಲಿ ಬರಿಗೈ ಆಡಿಸಿದರೆ ಚರ್ಮ ಬೆಳ್ಳಗಾಗಿ, ಗಟ್ಟಿಯಾಗಿ, ಎರಡು ಮೂರು ದಿನದಲ್ಲಿ ಸುಲಿಯುತ್ತದೆ.

ಮಡುವಿನಕೊಪ್ಪದಲ್ಲಿ ತೆಪ್ಪ ಇರುವ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ತೋರಿಸಿ ಎಂದ ರಾಮಯ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಂಥ ಒಬ್ಬ ಸಿಗಬಹುದು ಎಂದು ಅವನು ಕಾದ. ಯಾರೂ ಕೈ ಮುಚ್ಚಿಕೊಳ್ಳಲಿಲ್ಲ. ಭೂತಪ್ಪ ಎಲ್ಲರಿಗಿಂತ ಮೊದಲು ಎರಡೂ ಅಂಗೈ ಚಾಚಿದ. ಅಂಗೈ ಸುಣ್ಣ ಬಳಿದಂತೆ ಬಿಳಿಚಿ, ಬೆರಳಿನ ತುದಿಗಳಲ್ಲಿ ಚರ್ಮ ಎದ್ದು ಕೆಂಪು ಮಾಂಸ ಕಾಣುತ್ತಿತ್ತು.

"ಮೀನು ಎಲ್ಲಪ್ಪ?"

"ಮಣ್ಣು ಮಾಡಿದೀನಿ."

"ಮೇಷ್ಟ್ರನ್ನ?"

"ಕೊಂದೆ. ಕದ್ದ ಕೈನೂ ಜಜ್ಜಿದೆ. ಹೊಳೆಗೆ ಎಳೆದು ಹಾಕಿದೆ. ನೇಣು ಹಾಕ್ತೀರೇನೋ, ಹಾಕಿ ಸಾಮಿ."

ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಪಶ್ಚಾತ್ತಾಪವಂತೂ ಇಲ್ಲವೇ ಇಲ್ಲ. ಮುರಿದ ಹುಟ್ಟನ್ನು ಮನೆ ಹಿತ್ತಲಿನಿಂದ ತಾನೇ ತಂದುಕೊಟ್ಟ. ಅದರ ಅಲಗಿನಲ್ಲಿ ಕೂದಲು ಅಂಟಿತ್ತು. ಅವನ ಹೆಂಡತಿ ಉಚ್ಚಂಗಮ್ಮ ಅದನ್ನು ನೋಡಿ ಬಾಗಿಲಲ್ಲೇ ಕುಸಿದಳು.

ಮಧ್ಯಾಹ್ನ ಮೂರಕ್ಕೆ ಭೂತಪ್ಪನಿಗೆ ಕೋಳ ಹಾಕಿ ಹೊಂಗೆಮರದ ಬಳಿಗೆ ಕರೆತಂದರು. ಪಂಚರ ಮುಂದೆ ಅವನು ತೋರಿಸಿದ ಕಡೆ ಅಗೆದಾಗ ಹೊಸ ಬಿಳಿ ಬಟ್ಟೆಯ ಗಂಟು ಸಿಕ್ಕಿತು, ಪಕ್ಕದಲ್ಲಿ ಖಾಲಿ ಬಾಟ್ಲಿ. ಗಂಟಿನೊಳಗೆ ಮೂರು ಮೀನು. ಅರಿಶಿನ ಕುಂಕುಮ ಹಚ್ಚಿ, ಬಾಯಿಗೆ ಒಂದೊಂದು ಅಕ್ಕಿಕಾಳು ಇಟ್ಟು, ಮನುಷ್ಯರನ್ನು ಕಳಿಸುವಂತೆ ಕಳಿಸಿದ್ದ. ಒಂದೊಂದನ್ನೂ ಕೈಯಲ್ಲಿ ಹಿಡಿದು ಸ್ನಾನ ಮಾಡಿಸಿದ್ದನಂತೆ. ಅಂಗೈ ಸುಟ್ಟದ್ದು ಹಾಗೆ. ಮೂರನೇ ದಿನವಾದರೂ ಮೀನು ನಾರುತ್ತಿರಲಿಲ್ಲ. ಸುತ್ತ ನಿಂತ ಜನ ಕೈ ಮುಗಿದರು, ಪೊಲೀಸರ ಜೀಪಿನಲ್ಲೇ ಬಂದಿದ್ದ ಹಾಲೇಶನೂ ಮುಗಿದ.

ಯಶೋಧರಾ ಕೈಗವಸು ಹಾಕಿ ದೊಡ್ಡ ಮೀನಿನ ಹೊಟ್ಟೆ ಸೀಳಿದರು. ಒಳಗಿನ ಗಾಳಿಚೀಲ ಒಡೆದು ಚಿಂದಿಯಾಗಿತ್ತು. ಬೆನ್ನುಮೂಳೆ ಎರಡು ಕಡೆ ಮುರಿದು, ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಉಳಿದ ಎರಡೂ ಹಾಗೆಯೇ.

"ಬಲೆಯಲ್ಲಿ ಸತ್ತ ಮೀನಿಗೆ ಹೀಗಾಗಲ್ಲ ಸಾರ್. ನೀರೊಳಗೆ ಡೈನಮೈಟ್ ಸಿಡಿಸಿದಾರೆ."

ಕಿವಿರಿನ ಚೀಟಿ ಇನ್ನೂ ಇತ್ತು. ಶಾಯಿಯಾಗಿದ್ದರೆ ಕರಗಿಹೋಗುತ್ತಿತ್ತು, ಪೆನ್ಸಿಲ್ಲು ಉಳಿದಿತ್ತು. ರಾಮಯ್ಯ ಗಟ್ಟಿಯಾಗಿ ಓದಿದ.

"ದೇವರ ಮಡು, 11-3-2002, ಬೆಳಿಗ್ಗೆ 6-40. ಹಿಡಿದದ್ದಲ್ಲ. ತೋಟೆ ಸಿಡಿದು ಸತ್ತು ತೇಲುತ್ತಿದ್ದವು. ಸಾಕ್ಷಿಗೆ ಇಟ್ಟಿದ್ದೇನೆ. ಭೂತಪ್ಪನವರಿಗೆ ತಿಳಿಸಬೇಕು."

ಭೂತಪ್ಪ ಇನ್ನೊಂದು ಸಲ ಓದಿ ಎಂದ. ರಾಮಯ್ಯ ಇನ್ನೊಂದು ಸಲ ಓದಿದ. ತೋಟೆ ಎಂದರೆ ಸಿಡಿಮದ್ದು, ಆ ಊರಿನಲ್ಲಿ ಸಿಡಿಮದ್ದು ಮುಟ್ಟುವ ಕೆಲಸದವನು ಒಬ್ಬನೇ. ಭೂತಪ್ಪ ನಿಧಾನಕ್ಕೆ ತಿರುಗಿ ಅಳಿಯನನ್ನು ನೋಡಿದ. ಹಾಲೇಶ್ ಓಡಿದ, ನಾಲ್ಕು ಹೆಜ್ಜೆ.

ಅರವತ್ತು ದಾಟಿದ ಮುದುಕ ಅಷ್ಟು ಬೇಗ ನೆಗೆದಾನೆಂದು ಪೊಲೀಸರೇ ಎಣಿಸಿರಲಿಲ್ಲ. ಕೋಳದ ಸರಪಳಿ ಹಾಲೇಶನ ಕುತ್ತಿಗೆಗೆ ಬಿತ್ತು. ಬಂಡೆಗೆ ಕೆಡವಿ, ಮೊಣಕಾಲು ಬೆನ್ನಿಗೆ ಕೊಟ್ಟು, ಎರಡೂ ಕೈಯಿಂದ ಹಿಂದಕ್ಕೆ ಎಳೆದ. ಹಾಲೇಶನ ಕಣ್ಣುಗುಡ್ಡೆ ಹೊರಬಂತು, ನಾಲಿಗೆ ನೀಲಿಯಾಯಿತು. ಮೂವರು ಕಾನ್‌ಸ್ಟೇಬಲ್‌ಗಳು ಲಾಠಿಯಲ್ಲಿ ಬಡಿದರೂ ಬಿಡಲಿಲ್ಲ. ಕೊನೆಗೆ ರಾಮಯ್ಯ ಮುದುಕನ ಮಣಿಕಟ್ಟು ತಿರುಚಿದಾಗ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು, ಹಿಡಿತ ಸಡಿಲವಾಯಿತು. ಅಷ್ಟರಲ್ಲಿ ಹಾಲೇಶನ ಎಡಗಿವಿಯ ಅರ್ಧ ಮಾವನ ಹಲ್ಲಿನಲ್ಲಿತ್ತು.

ಆಸ್ಪತ್ರೆಯ ಮಂಚದಲ್ಲಿ ಹಾಲೇಶ್ ಎಲ್ಲ ಒಪ್ಪಿಕೊಂಡ. ಕ್ವಾರಿಯ ಸೂಪರ್‌ವೈಸರ್ ಪಾರ್ಟಿಗೆ ದೊಡ್ಡ ಮೀನು ಕೇಳಿದ್ದ. ಕದ್ದು ತಂದ ತೋಟೆ ಮಡುವಿಗೆ ಎಸೆದ. ಸದ್ದು ಕೇಳಿ ಯೋಗರಾಜ್ ಬಂದುಬಿಟ್ಟರು. ಇನ್ನೇನು ಮಾವನಿಗೆ ಗೊತ್ತಾಗುತ್ತದೆ, ಕೊಂದೇಬಿಡುತ್ತಾನೆ ಎಂದು ಹೆದರಿ, ತಾನೇ ಮೊದಲು ಓಡಿಹೋಗಿ, ಮೇಷ್ಟ್ರು ಮಡುವಿನ ಮೀನು ಹಿಡಿದರೆಂದು ಹೇಳಿದ. ಅವನ ಮೇಲೆ ಸ್ಫೋಟಕ ಕಾಯ್ದೆಯ ಜೊತೆಗೆ ಇನ್ನೆರಡು ಕಲಂ ಬಿದ್ದವು.

ಗುರುವಾರ ಬೆಳಿಗ್ಗೆ ಶೀಲಾ ಠಾಣೆಗೆ ಬಂದರು. ಹಣೆಗೆ ಬ್ಯಾಂಡೇಜಿತ್ತು. ಜನಾರ್ದನ ಚೀಟಿಯನ್ನು ಆಕೆಯ ಮುಂದಿಟ್ಟರು. "ಹಿಡಿದದ್ದಲ್ಲ" ಎಂಬಲ್ಲಿ ಬೆರಳಿಟ್ಟು ಆಕೆ ಮತ್ತೆ ಮತ್ತೆ ಓದಿದರು. ಇದು ಕೋರ್ಟಿಗೆ ಹೋಗಬೇಕು, ನಕಲು ಕೊಡುತ್ತೇನೆ ಎಂದರು ಜನಾರ್ದನ. ಊರಲ್ಲಿ ಓದಿಸಿದ್ದೀರಂತೆ, ಅಷ್ಟು ಸಾಕು ಎಂದು ಆಕೆ ಎದ್ದರು. ಲಾಕಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ.

ಹನ್ನೆರಡು ಗಂಟೆಗೆ, ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ಯುವ ಮುಂಚೆ, ಭೂತಪ್ಪನ ಹೇಳಿಕೆ ಬರೆದು ಮುಗಿಯಿತು. ಒಂದು ಕೈಗೆ ಪ್ಲಾಸ್ಟರ್ ಹಾಕಿದ್ದರು. ರಾಮಯ್ಯ ರುಜು ಮಾಡು ಎಂದು ಪೆನ್ನು ಚಾಚಿದ. ಭೂತಪ್ಪ ಪೆನ್ನು ತೆಗೆದುಕೊಳ್ಳದೆ ಹೆಬ್ಬೆರಳು ಚಾಚಿದ. ಶಾಯಿ ಹಚ್ಚಿ ಒತ್ತಿದರೆ ಚರ್ಮ ಸುಲಿದ ಬೆರಳಿನಿಂದ ಬರೀ ಕಪ್ಪು ಮಸಿ ಮೂಡಿತು, ಗೆರೆ ಒಂದೂ ಇಲ್ಲ. ಜನಾರ್ದನ ಆ ಬೆರಳನ್ನು ನೋಡಿದರು, ಅವನು ಹಾಳೆ ನೋಡುತ್ತಿದ್ದ ರೀತಿಯ ಬಗ್ಗೆ ಶೀಲಾ ಹೇಳಿದ ಮಾತು ನೆನಪಾಯಿತು.

"ಭೂತಪ್ಪ, ನಿನಗೆ ಓದಕ್ಕೆ ಬರಲ್ವಾ?"

ಮುದುಕ ತಲೆ ಅಲ್ಲಾಡಿಸಿದ.

"ಹೊಡೆಯೋ ಮೊದಲು ಅವರು ಏನಾದ್ರೂ ಹೇಳಿದ್ರಾ?"

"ಚೀಟಿ ಓದು ಭೂತಪ್ಪ, ನಿನಗೇ ತಿಳಿಯುತ್ತೆ ಅಂದ್ರು. ಬಾಟ್ಲಿ ಮುಖದ ಹತ್ರ ಹಿಡಿದ್ರು. ಮೂರು ವರ್ಷ ಓದೋನ ಹಂಗೆ ಹಾಳೆ ನೋಡಿದ್ದೆ ಸಾಮಿ. ಬರಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಹುಟ್ಟು ಎತ್ತಿದೆ."

ರಾಮಯ್ಯ ಅದನ್ನೂ ಸೇರಿಸಿ ಬರೆದ. ನಿಯಮದಂತೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಬರೆದದ್ದು ಸರಿಯಿದೆಯಾ ಎಂದು ಕೇಳಿದ. ಭೂತಪ್ಪ ಆ ಹಾಳೆಯ ಮೇಲೆ ಕಣ್ಣಾಡಿಸಿ, ಸರಿಯಿದೆ ಎಂದ.